ಕಂಬಕ್ಕೆ ಬಡಿದ ಚೆಂಡು ಸಾಹೇಬರದು

ಆಳಂದದ ಅಖಿಲ ಗಡಿನಾಡು ಒಳಾಂಗಣ ವೃತ್ತಿಪರ ಪುರುಷರ ಟೆನಿಸ್ ಪಂದ್ಯಾವಳಿ ಶುರುವಾದದ್ದು ೧೯೭೫ರ ನವೆಂಬರಿನಲ್ಲಿ. ಹೆಸರಿನ ಒಂದೊಂದು ಶಬ್ದಕ್ಕೂ ಕಾರಣವಿತ್ತು. ಮಹಾರಾಷ್ಟ್ರದ ಗಡಿಯಂಚಿನ ಖಜೂರಿಯಿಂದ ಒಬ್ಬ ಲಾರಿ ಮಾಲೀಕ ಬಂದು ಹೆಸರು ಬರೆಸಿದ್ದರಿಂದ ಅಖಿಲ ಗಡಿನಾಡು. ಊರಿನ ಸುತ್ತ ಇರುವುದೆಲ್ಲ ಬಿರುಕುಬಿಟ್ಟ ಕರಿನೆಲ, ಅದರ ಮೇಲೆ ಚೆಂಡು ಪುಟಿಯುವುದಿಲ್ಲ, ಆದ್ದರಿಂದ ಒಳಾಂಗಣ. ಹೆಂಗಸರು ಯಾರೂ ಕೇಳದ ಕಾರಣ ಪುರುಷರ. ವೃತ್ತಿಪರ ಎಂಬುದು ಮಾತ್ರ ನಿಯಮಪುಸ್ತಕದ ಕೊಡುಗೆ. ಮುಂಬೈಯಿಂದ ಅಂಚೆಯಲ್ಲಿ ತರಿಸಿದ ಆ ಪುಸ್ತಕದಲ್ಲಿ, ಬಹುಮಾನಕ್ಕಾಗಿ ಆಡುವವನು ವೃತ್ತಿಪರ ಎಂದು ಬರೆದಿತ್ತು. ಬ್ಯಾಳಿ ವ್ಯಾಪಾರಿ ಚಂದ್ರಾಮಪ್ಪ ಗೆದ್ದವರಿಗೆ ಒಂದು ಚೀಲ ತೊಗರಿಬ್ಯಾಳಿ ಘೋಷಿಸಿಬಿಟ್ಟಿದ್ದ. ಹಾಗಾಗಿ ದನದ ಡಾಕ್ಟರು, ಅಂಚೆ ಮಾಸ್ತರು, ಇಬ್ಬರು ವಕೀಲರು ಮತ್ತು ದೊಡ್ಡ ಸಾಹೇಬರು ಒಂದೇ ದಿನದಲ್ಲಿ ವೃತ್ತಿಪರ ಟೆನಿಸ್ ಆಟಗಾರರಾದರು.

ಸಾಹೇಬರದು ಯಾವ ಇಲಾಖೆ ಎಂಬುದು ಇಲ್ಲಿ ಮುಖ್ಯವಲ್ಲ. ಸಾಹೇಬರು ಬದಲಾಗುತ್ತಿದ್ದರು, ಕುರ್ಚಿ ಅದೇ ಇರುತ್ತಿತ್ತು, ಆ ಕುರ್ಚಿಯಿಂದ ಸಹಿ ಆಗದೆ ಊರಿನ ಯಾವ ಫೈಲೂ ಗುಲಬರ್ಗಾದ ದಾರಿ ಹಿಡಿಯುತ್ತಿರಲಿಲ್ಲ. ಅಷ್ಟು ಗೊತ್ತಿದ್ದರೆ ಸಾಕು.

ಅಂಗಣವೆಂದರೆ ಚಂದ್ರಾಮಪ್ಪನ ಗೋದಾಮು. ಹೆಸರುಕಾಳು, ಉದ್ದು ಮಾರಿಹೋಗಿ ತೊಗರಿ ಇನ್ನೂ ಬಾರದ ಮೂರು ವಾರ ಅದು ಖಾಲಿ ಇರುತ್ತಿತ್ತು. ಸಿಮೆಂಟಿನ ನೆಲ, ತಗಡಿನ ಸೂರು. ಗೋಣಿಚೀಲಗಳನ್ನು ಹೊಲಿದು ಬಲೆ ಮಾಡಿದ್ದರಿಂದ ಆಚೆ ನಿಂತವನ ಮೊಳಕಾಲಿನ ಕೆಳಗಿನದು ಕಾಣುತ್ತಿರಲಿಲ್ಲ. ಚೆಂಡು ಬಿದ್ದಲ್ಲೆಲ್ಲ ಹಳೆಯ ಬ್ಯಾಳಿಯ ಪುಡಿ ಏಳುತ್ತಿತ್ತು. ಆಟಗಾರರು ಸೀನುತ್ತಲೇ ಸರ್ವ್ ಮಾಡುತ್ತಿದ್ದರು. ಸೂರನ್ನು ಹೊತ್ತ ಎರಡು ಕಬ್ಬಿಣದ ಕಂಬಗಳು ಅಂಗಣದ ನಡುವೆಯೇ, ಬಲೆಯ ಈಚೆಗೊಂದು ಆಚೆಗೊಂದು, ನಿಂತಿದ್ದವು. ಕಂಬಕ್ಕೆ ಚೆಂಡು ಬಡಿದರೆ ಏನು ಮಾಡಬೇಕೆಂದು ಮುಂಬೈಯ ಪುಸ್ತಕದಲ್ಲಿ ಇರಲಿಲ್ಲ. ಮೊದಲ ವರ್ಷದ ಫೈನಲ್ಲಿನಲ್ಲಿ ಆ ಪ್ರಶ್ನೆ ಎದ್ದಾಗ ಚಂದ್ರಾಮಪ್ಪ ಒಂದು ಕ್ಷಣವೂ ಯೋಚಿಸದೆ, ಕಂಬಕ್ಕೆ ಬಡಿದ ಚೆಂಡು ಸಾಹೇಬರದು ಎಂದ. ಯಾರು ಹೊಡೆದರೂ ಅಷ್ಟೆ. ಅದು ಪಂದ್ಯಾವಳಿಯ ಮೊದಲ ನಿಯಮವಾಯಿತು. ಎರಡನೆಯ ನಿಯಮವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ: ಸಾಹೇಬರು ಗೆಲ್ಲಬೇಕು.

ಅಂಪೈರ್ ಮಹಮ್ಮದ. ಗೋದಾಮಿನ ತೂಕದವನು. ದೊಡ್ಡ ತಕ್ಕಡಿಯ ತಟ್ಟೆಯ ಮೇಲೆ ಕುಳಿತು, ಚೀಲ ಎಣಿಸುವ ದನಿಯಲ್ಲೇ ಗೇಮ್ ಎಣಿಸುತ್ತಿದ್ದ. ತೂಕದವರು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಸಾಹೇಬರು ಮೊದಲ ಗೇಮ್ ಗೆದ್ದ ಕೂಡಲೇ ಗೋದಾಮೆಲ್ಲ ಕೇಳುವಂತೆ ಲಾಭ ಎಂದು ಕೂಗುತ್ತಿದ್ದ, ಆಮೇಲೆ ಎರಡು, ಮೂರು. ಆರಾದರೆ ಗೆಲುವು. ಚೀಲದ ಮೇಲೆ ಗುರುತು ಹಾಕುವ ಕರಿ ಮಸಿಯಿಂದಲೇ ಗೆದ್ದವರ ಹೆಸರನ್ನು ಗೋಡೆಯ ಹಲಗೆಯ ಮೇಲೆ ಬರೆಯುವವನೂ ಅವನೇ.

ಇಷ್ಟೆಲ್ಲ ಇದ್ದರೂ ಒಬ್ಬ ಸೋಲುವವನು ಬೇಕಿತ್ತು. ವಕೀಲರು ಸೋಲುತ್ತಿದ್ದರು, ಆದರೆ ಅವರಿಗೆ ಆಡಲು ಬಾರದ್ದರಿಂದ ಸಾಹೇಬರ ಗೆಲುವಿಗೆ ಮಾನ ಇರಲಿಲ್ಲ. ಆ ಕೊರತೆಯನ್ನು ತುಂಬಿದವನು ಶಿವರಾಯ ಮಾಸ್ತರ.

ಶಿವರಾಯ ಊರಿನ ಒಂದು ಹೈಸ್ಕೂಲಿನಲ್ಲಿ ವ್ಯಾಯಾಮದ ಮಾಸ್ತರ, ತಾತ್ಪೂರ್ತಿಕ. ಎಂದರೆ ಪ್ರತಿ ಏಪ್ರಿಲಿನಲ್ಲಿ ಅವನನ್ನು ನೌಕರಿಯಿಂದ ಬಿಡಿಸಿ, ಜೂನಿನಲ್ಲಿ ಹೊಸ ಕಾಗದ ಕೊಟ್ಟು ಮತ್ತೆ ತೆಗೆದುಕೊಳ್ಳುತ್ತಿದ್ದರು. ನಡುವಿನ ಎರಡು ತಿಂಗಳು ಅವನು ಯಾರೂ ಅಲ್ಲ. ಮದುವೆಯಾದದ್ದು ಮೇ ತಿಂಗಳಲ್ಲಿ. ಲಗ್ನಪತ್ರಿಕೆಯಲ್ಲಿ ತನ್ನ ಹೆಸರಿನ ಮುಂದೆ ಮಾಸ್ತರ ಎಂದು ಹಾಕಿಸಬೇಕೋ ಬೇಡವೋ ಎಂದು ಅವನು ಎರಡು ದಿನ ಒದ್ದಾಡಿದ್ದ. ಖಾಯಂ ಮಾಡಿ ಎಂಬ ಅವನ ಅರ್ಜಿಯ ಫೈಲು ಸಾಹೇಬರ ಮೇಜಿನ ಮೇಲಿತ್ತು. ಅವನು ಟೆನಿಸ್ ಕಲಿತದ್ದು ಸೊಲ್ಲಾಪುರದಲ್ಲಿ, ಸರಿಯಾಗಿ ಕಲಿತಿದ್ದ. ಆಳಂದದಲ್ಲಿ ಅವನನ್ನು ಸೋಲಿಸುವವರು ಯಾರೂ ಇರಲಿಲ್ಲ, ಆದ್ದರಿಂದಲೇ ಪ್ರತಿ ವರ್ಷ ಫೈನಲ್ಲಿಗೆ ಬಂದು ಸೋಲುತ್ತಿದ್ದ.

ಸೋಲುವುದನ್ನು ಅವನು ವೃತ್ತಿಯಂತೆ ಅಭ್ಯಾಸ ಮಾಡಿದ್ದ. ಆರಕ್ಕೆ ಸೊನ್ನೆಯಾದರೆ ಸಾಹೇಬರಿಗೆ ಅನುಮಾನ, ಆರಕ್ಕೆ ಐದಾದರೆ ಉಬ್ಬಸ. ಆರಕ್ಕೆ ನಾಲ್ಕು ಸರಿ. ಚೆಂಡು ಬಲೆಯ ಅಂಚಿಗೆ ಬಡಿದು ತನ್ನ ಕಡೆಗೇ ಬೀಳಬೇಕು, ಬಿದ್ದಾಗ ತಾನು ಹಣೆ ಬಡಿದುಕೊಳ್ಳಬೇಕು. ಎಲ್ಲ ಮುಗಿದ ಮೇಲೆ ಸಾಹೇಬರು ಅವನ ಹೆಗಲ ಮೇಲೆ ಕೈಯಿಟ್ಟು, ಛಲೋ ಆಡಿದ್ರಿ ಮಾಸ್ತರ್, ನಿಮ್ಮ ಫೈಲ್ ನೋಡೋಣ ಅನ್ನುತ್ತಿದ್ದರು. ನೋಡುವ ಮೊದಲೇ ಅವರಿಗೆ ವರ್ಗಾವಣೆಯಾಗುತ್ತಿತ್ತು. ಹೊಸ ಸಾಹೇಬರು ಬರುತ್ತಿದ್ದರು. ಫೈಲು ಮೊದಲಿನಿಂದ ಶುರುವಾಗುತ್ತಿತ್ತು. ನವೆಂಬರ್ ಬರುತ್ತಿತ್ತು.

ಹೀಗೆ ಹನ್ನೊಂದು ವರ್ಷ. ಹಲಗೆಯ ಮೇಲೆ ಹನ್ನೊಂದು ಹೆಸರು.

೧೯೮೬ರಲ್ಲಿ ಬಂದವರು ಗುಂಡೇರಾವ ಸಾಹೇಬರು. ಒಂಬತ್ತು ವರ್ಷದ ನೌಕರಿಯಲ್ಲಿ ಹತ್ತು ಊರು ಕಂಡವರು. ಅವರ ಹೆಂಡತಿ ಲೀಲಾಬಾಯಿ ಹಿಂದಿನ ಮೂರು ಊರುಗಳಲ್ಲಿ ಟ್ರಂಕು ಬಿಚ್ಚಿರಲೇ ಇಲ್ಲ, ಬೇಕಾದ್ದನ್ನು ಮುಚ್ಚಳ ಎತ್ತಿ ತೆಗೆದುಕೊಳ್ಳುತ್ತಿದ್ದರು. ಆಳಂದದಲ್ಲಿ ನಳದ ನೀರು ದಿನಾ ಬರುವುದನ್ನು ಎಂಟು ದಿನ ನೋಡಿದ ಮೇಲೆ ಟ್ರಂಕು ಬಿಚ್ಚಿದರು. ಬೆಳ್ಳಿ ಲೋಟಗಳು ಕಪಾಟಿಗೆ ಬಂದವು.

ಪಂದ್ಯಾವಳಿಯ ಉದ್ಘಾಟನೆಗೆ ಬಂದ ಲೀಲಾಬಾಯಿ ಆಟ ನೋಡಲಿಲ್ಲ, ಹಲಗೆ ಓದಿದರು. ಈ ಹನ್ನೊಂದು ಮಂದಿ ಈಗ ಎಲ್ಲಿದ್ದಾರೆಂದು ಮಹಮ್ಮದನನ್ನು ಕೇಳಿದರು. ಮಹಮ್ಮದ ತೂಕದ ನಿಖರತೆಯಲ್ಲಿ ಹೇಳಿದ: ಎಲ್ಲರೂ ನವೆಂಬರಿನಲ್ಲಿ ಗೆದ್ದರು, ಎಲ್ಲರೂ ಯುಗಾದಿಯ ಒಳಗೆ ವರ್ಗವಾಗಿ ಹೋದರು. ಹನ್ನೊಂದು ವರ್ಷ ಆಟ ನೋಡಿದ ಊರಿಗೆ ಇದು ಹೊಳೆದಿರಲಿಲ್ಲ. ಆ ಕುರ್ಚಿಗೆ ವರ್ಷಕ್ಕೊಬ್ಬರು ಬರುವುದು ಇಲಾಖೆಯ ಪದ್ಧತಿ ಎಂದು ಯಾರಾದರೂ ಹೇಳಬಹುದಿತ್ತು, ಆದರೆ ಲೀಲಾಬಾಯಿಗೆ ಇಲಾಖೆಗಿಂತ ಹಲಗೆಯ ಮೇಲೆ ಹೆಚ್ಚು ನಂಬಿಕೆ ಬಂತು.

ಫೈನಲ್ಲಿನ ಹಿಂದಿನ ದಿನ ಶಿವರಾಯನಿಗೆ ಸಾಹೇಬರ ಮನೆಯಿಂದ ಕರೆ ಬಂತು. ಲೀಲಾಬಾಯಿ ಬೆಳ್ಳಿ ಲೋಟದಲ್ಲಿ ಚಹಾ ಕೊಟ್ಟರು. ಗುಂಡೇರಾವ ಕಿಟಕಿಯ ಕಡೆ ನೋಡುತ್ತ ಹೇಳಿದರು:

"ಮಾಸ್ತರ್, ನಾಳೆ ನೀವು ಗೆಲ್ಲಬೇಕು."

ಶಿವರಾಯ ಲೋಟ ಕೆಳಗಿಟ್ಟ. "ನನ್ನ ಕಡಿಂದ ಏನರ ತಪ್ಪಾಗೇದೇನ್ರಿ?"

"ತಪ್ಪಿಲ್ಲ. ನೀವು ಗೆದ್ರ ಮರುದಿನ ಮುಂಜಾನೆ ನಿಮ್ಮ ಫೈಲಿನ ಮ್ಯಾಲೆ ನನ್ನ ಸಹಿ ಇರ್ತದ. ನಾ ಗೆದ್ರ ನಾ ಇಲ್ಲಿ ಇರಂಗಿಲ್ಲ, ಸಹಿ ಎಲ್ಲಿಂದ ಬರ್ತದ?"

ಶಿವರಾಯ ಮನೆಗೆ ಬಂದು ಹೆಂಡತಿ ಗೌರಾಬಾಯಿಗೆ ಎಲ್ಲ ಹೇಳಿ, ಇದು ತನ್ನನ್ನು ಪರೀಕ್ಷೆ ಮಾಡಲು ಹೂಡಿದ ಆಟ ಎಂದ. ಗೌರಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ಹನ್ನೊಂದು ಏಪ್ರಿಲುಗಳಲ್ಲಿ ಒಂಬತ್ತನ್ನು ಅವಳು ಈ ಒಲೆಯ ಮುಂದೆ ಕಂಡಿದ್ದಳು.

"ಹನ್ನೊಂದು ಮಂದಿಗೆ ಸೋತಿ. ಏನ್ ಬಂತು?" ಎಂದಳು. "ಒಮ್ಮೆ ಗೆದ್ದರ ನೋಡು."

"ಗೆದ್ದ ಮ್ಯಾಲೆ ಸಿಟ್ಟಿಗೆದ್ರ?"

"ಏಪ್ರಿಲ್‌ದಾಗ ಹೆಂಗೂ ತೆಗೀತಾರ. ಇನ್ನೇನ್ ತೆಗೀತಾರ?"

ಅವಳ ಮಾತು ಅವನಿಗೆ ಒಪ್ಪಿಗೆಯಾಯಿತು. ಗೆಲ್ಲುವುದೆಂದು ನಿರ್ಧರಿಸಿ ಮಲಗಿದ.

ಮರುದಿನ ಗೋದಾಮು ತುಂಬಿತ್ತು. ಚಂದ್ರಾಮಪ್ಪ ಮುಂದಿನ ಸಾಲಿನಲ್ಲಿ ಹಾರ ಹಿಡಿದು ಕುಳಿತಿದ್ದ. ಶಿವರಾಯ ಮೊದಲ ಚೆಂಡನ್ನು ಗೆಲ್ಲುವ ಉದ್ದೇಶದಿಂದಲೇ ಹೊಡೆದ. ಅದು ಬಲೆಯ ಅಂಚಿಗೆ ಬಡಿದು ಅವನ ಕಡೆಗೇ ಬಿತ್ತು. ಎರಡನೆಯದೂ ಹಾಗೆಯೇ, ಅದೇ ಜಾಗಕ್ಕೆ. ಅವನಿಗೆ ಅರಿವಿಲ್ಲದೆ ಎಡಗೈ ಎದ್ದು ಹಣೆ ಬಡಿಯಿತು. ಹನ್ನೊಂದು ವರ್ಷ ತಿದ್ದಿ ತೀಡಿದ ತೋಳಿಗೆ ನಿನ್ನೆಯ ಚಹಾದ ವಿಷಯ ಯಾರೂ ಹೇಳಿರಲಿಲ್ಲ.

ಆಚೆ ಗುಂಡೇರಾವ ಸೋಲಲು ಪ್ರಾಣ ಬಿಡುತ್ತಿದ್ದರು. ಆದರೆ ಅವರಿಗೆ ಸೋಲಿನ ಅಭ್ಯಾಸವಿರಲಿಲ್ಲ. ಹೊರಗೆ ಹೊಡೆಯಲು ಹೋದದ್ದು ಗೆರೆಯ ಮೇಲೆ ಬೀಳುತ್ತಿತ್ತು, ತಗಡಿಗೆ ತಾಗಲೆಂದು ಎತ್ತಿದ್ದು ಶಿವರಾಯನ ತಲೆ ದಾಟಿ ಮೂಲೆಗೆ ಇಳಿಯುತ್ತಿತ್ತು. ಜನ ಚಪ್ಪಾಳೆ ಹೊಡೆದರು. ಇಂಥ ಸಾಹೇಬರನ್ನು ಊರು ಕಂಡಿರಲಿಲ್ಲ. ಮಹಮ್ಮದ ಲಾಭ ಎಂದ, ಎರಡು ಎಂದ. ಬದಿ ಬದಲಿಸುವಾಗ ಗುಂಡೇರಾವ ಟವೆಲಿನ ಮರೆಯಲ್ಲಿ, ಏನ್ ಮಾಡಾಕತ್ತೀರಿ ಮಾಸ್ತರ್ ಎಂದು ಹಲ್ಲು ಕಚ್ಚಿ ಕೇಳಿದರು. ಗೆಲ್ಲಾಕತ್ತೇನ್ರಿ ಎಂದು ಶಿವರಾಯ ಪ್ರಾಮಾಣಿಕವಾಗಿ ಹೇಳಿದ.

ಸಾಹೇಬರು ಎರಡು ಗೇಮ್ ಪೂರ್ತಿ ನಿಂತಲ್ಲೇ ನಿಂತು ಬಿಟ್ಟುಕೊಟ್ಟರು, ಇನ್ನು ಮೂರರಲ್ಲಿ ಸರ್ವ್ ಅನ್ನೇ ಬಲೆಗೆ ಹಾಕಿದರು. ಐದು-ಐದಾಯಿತು. ಕೊನೆಯ ಗೇಮಿನಲ್ಲಿ ಸಾಹೇಬರ ಗೆಲುವಿಗೆ ಒಂದೇ ಪಾಯಿಂಟು ಉಳಿಯಿತು. ಶಿವರಾಯನ ಚೆಂಡು ಅಪರೂಪಕ್ಕೆ ಬಲೆ ದಾಟಿ ಮೆತ್ತಗೆ ಹೋಯಿತು. ಗುಂಡೇರಾವ ಇದೇ ಸಮಯವೆಂದು, ಗೋದಾಮಿನ ಬಾಗಿಲು ದಾಟಿ ಕಾಳಿನ ದಲ್ಲಾಳಿಗಳ ಅಡತಿ ಬಜಾರಿಗೇ ಹೋಗಲಿ ಎಂಬಂತೆ ಮೈಯೆಲ್ಲ ಬಲ ಹಾಕಿ ಹೊಡೆದರು. ಚೆಂಡು ಕಂಬಕ್ಕೆ ಬಡಿದು ಗಂಟೆಯಂತೆ ಸದ್ದಾಯಿತು.

ಮಹಮ್ಮದ ತಕ್ಕಡಿಯ ಮೇಲೆ ಎದ್ದು ನಿಂತ. "ಕಂಬ. ಸಾಹೇಬ್ರದು. ಆರು."

ಚಂದ್ರಾಮಪ್ಪ ಹಾರ ಹಾಕಿದ. ಹೆಂಗಸರ ಸಾಲಿನಲ್ಲಿ ಲೀಲಾಬಾಯಿ ಎದ್ದು ಮನೆಗೆ ಹೋದರು. ಬೆಳ್ಳಿ ಲೋಟಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿಗೆ ಇಟ್ಟರೆಂದು ಆಮೇಲೆ ತಿಳಿಯಿತು.

ಜನವರಿಯಲ್ಲಿ ಗುಂಡೇರಾವರಿಗೆ ಅಫಜಲಪುರಕ್ಕೆ ಆದೇಶ ಬಂತು. ಏಪ್ರಿಲಿನಲ್ಲಿ ಶಿವರಾಯನನ್ನು ಎಂದಿನಂತೆ ಬಿಡಿಸಿದರು. ಅಡತಿ ಅಂಗಡಿಯಲ್ಲಿ ಕುಳಿತವರು, ಸಾಹೇಬ್ರು ಗೆಲ್ಲು ಅಂದ್ರೂ ಗೆಲ್ಲಲಾರದಂವ ಎಂದು ನಕ್ಕರು. ಹೇಗೆ ತಿಳಿಯಿತೆಂದು ಅವನು ಕೇಳಲಿಲ್ಲ.

ಅಫಜಲಪುರದಲ್ಲಿ ಲೀಲಾಬಾಯಿ ಟ್ರಂಕು ಬಿಚ್ಚಲಿಲ್ಲ. ಭೀಮಾನದಿಯ ಸೊಳ್ಳೆ, ಮನೆಯ ಹಿಂದೆ ಬಸ್ ನಿಲ್ದಾಣ. ಈ ಊರಿನಿಂದ ಬೇಗ ಹೊರಡಬೇಕು ಎಂದರು. ಹೊರಡುವ ದಾರಿ ಈಗ ಗಂಡನಿಗೂ ಗೊತ್ತಿತ್ತು. ಒಳಾಂಗಣ ಪಂದ್ಯಾವಳಿ ಇನ್ನು ಮುಂದೆ ಅಫಜಲಪುರದಲ್ಲಿ ನಡೆಯತಕ್ಕದ್ದು ಎಂದು ಅವರು ಸಾರಿದರು. ಗೋದಾಮು ಸಿಕ್ಕಿತು, ಹಲಗೆ ಸಿಕ್ಕಿತು, ಹಾರ ಹಿಡಿಯುವ ವ್ಯಾಪಾರಿಯೂ ಸಿಕ್ಕ. ನೋಡಿದವರು ನಂಬುವಂತೆ ತಮಗೆ ಸೋಲುವವನು ಮಾತ್ರ ಸಿಗಲಿಲ್ಲ. ಅಂಥವನು ಮೂರು ತಾಲೂಕಿನಲ್ಲಿ ಒಬ್ಬನೇ ಇದ್ದ. ಆದರೆ ತಾತ್ಪೂರ್ತಿಕ ನೌಕರನನ್ನು ಇನ್ನೊಂದು ತಾಲೂಕಿಗೆ ವರ್ಗ ಮಾಡಲು ಬರುವುದಿಲ್ಲ. ವರ್ಗ ಮಾಡಬೇಕಾದರೆ ಮೊದಲು ಖಾಯಂ ಮಾಡಬೇಕು. ಗುಂಡೇರಾವ ಆಳಂದದ ಕುರ್ಚಿಗೆ ಬಂದಿದ್ದ ಹೊಸ ಸಾಹೇಬರಿಗೆ ಫೋನು ಮಾಡಿದರು.

ಹನ್ನೊಂದು ವರ್ಷ ಅಲುಗದ ಫೈಲು ಹನ್ನೊಂದು ದಿನದಲ್ಲಿ ಗುಲಬರ್ಗಾಕ್ಕೆ ಹೋಗಿ ಬಂತು.

ಆದೇಶದ ಕಾಗದವನ್ನು ಗೌರಾಬಾಯಿ ಓದಿಸಿ ಕೇಳಿ, ಮಡಚಿ, ಅವನ ಅಂಗಿಯ ಕಿಸೆಗೆ ತಾನೇ ಇಟ್ಟಳು. ಏಪ್ರಿಲ್ ಈಗ ಬರೀ ಒಂದು ತಿಂಗಳು. ಅಫಜಲಪುರದಲ್ಲಿ ಗುಂಡೇರಾವ ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಈ ಸಲ ನೀವು ಏನೂ ಹೊಸಾದು ಮಾಡೋದು ಬ್ಯಾಡ. ಮೊದಲ ಹೆಂಗ ಸೋಲ್ತಿದ್ರಿ, ಹಂಗ." ಶಿವರಾಯ ಕೈಮುಗಿದ. ಉಪಕಾರ ಮರೆಯುವ ಮನುಷ್ಯ ಅವನಲ್ಲ. ಆರಕ್ಕೆ ನಾಲ್ಕು ಎಂದು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡ.

ನವೆಂಬರ್ ೧೯೮೭. ಅಫಜಲಪುರದ ಗೋದಾಮು ಹೊಸದು, ನಡುವೆ ಕಂಬಗಳೇ ಇರಲಿಲ್ಲ. ಶಿವರಾಯ ಮೊದಲ ಸರ್ವ್ ಮಾಡಿದ. ಕಿಸೆಯಲ್ಲಿ ಕಾಗದ ಸರಸರ ಎಂದಿತು. ಚೆಂಡು ಬಲೆಯ ಮೇಲಿಂದ ಒಂದು ಗೇಣು ಎತ್ತರದಲ್ಲಿ ಹಾದು ಗೆರೆಗೆ ಬಡಿದು ಗೋಡೆ ಮುಟ್ಟಿತು. ಸಾಹೇಬರು ರ್‍ಯಾಕೆಟ್ ಎತ್ತಿರಲೇ ಇಲ್ಲ. ಶಿವರಾಯ ಗಾಬರಿಯಾಗಿ ಕ್ಷಮೆ ಕೇಳಿದ. ಎರಡನೆಯದನ್ನು ಬಲೆಗೇ ಗುರಿಯಿಟ್ಟ, ಅದೂ ದಾಟಿತು. ಸೊಲ್ಲಾಪುರದಲ್ಲಿ ಕಲಿತು ಇಷ್ಟು ವರ್ಷ ಮಡಚಿಟ್ಟಿದ್ದ ಹೊಡೆತಗಳೆಲ್ಲ ಒಂದೊಂದಾಗಿ ಹೊರಬಂದವು. ಅವನು ನಿಲ್ಲಿಸಲು ನೋಡಿದ. ಆದರೆ ಇಷ್ಟು ದಿನ ಅವನು ಕೈಯಿಂದ ಸೋತಿರಲಿಲ್ಲ, ಏಪ್ರಿಲಿನ ಹೆದರಿಕೆಯಿಂದ ಸೋತಿದ್ದ. ಆ ಹೆದರಿಕೆ ಹೋದ ಮೇಲೆ ಸೋಲುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಆರಕ್ಕೆ ಸೊನ್ನೆ.

ವ್ಯಾಪಾರಿ ಹಾರ ಹಿಡಿದು ಯಾರ ಕಡೆ ಹೋಗಬೇಕೆಂದು ತಿಳಿಯದೆ ನಡುವೆ ನಿಂತ. ಶಿವರಾಯನ ಹೆಸರು ಮೊದಲ ಸಲ ಒಂದು ಹಲಗೆಯ ಮೇಲೆ ಬಂತು.

ಹಲಗೆ ತನ್ನ ಕೆಲಸ ಬಿಡಲಿಲ್ಲ. ಯುಗಾದಿಗೆ ಹದಿನೈದು ದಿನ ಇರುವಾಗ ಗೆದ್ದವನಿಗೆ ವರ್ಗಾವಣೆ ಬಂತು: ಜೇವರ್ಗಿ ತಾಲೂಕು, ಕೊಳಕೂರ. ಗುಂಡೇರಾವ ಅಫಜಲಪುರದಲ್ಲೇ ಉಳಿದರು. ಮುಂದೆ ಆರು ವರ್ಷ ಉಳಿದರು. ಲೀಲಾಬಾಯಿ ಎರಡನೆಯ ವರ್ಷ ಟ್ರಂಕು ಬಿಚ್ಚಿದರಂತೆ.

ಕೊಳಕೂರದಲ್ಲಿ ಬಸ್ಸಿಳಿದಾಗ ಶಾಲೆಯ ಹೆಡ್‌ಮಾಸ್ತರರು ತಾವೇ ಎದುರು ಬಂದಿದ್ದರು. ಎರಡು ಖೋಲಿಯ ಮನೆ ತೋರಿಸಿದರು. ಶಿವರಾಯನಿಗೆ ಮನೆ ಮೆಚ್ಚುಗೆಯಾಯಿತು. ಗೌರಾಬಾಯಿ ಹಾಸಿಗೆಯ ಗಂಟು ಬಿಚ್ಚಲು ಕೈ ಹಾಕಿದವಳು ತಡೆದು, ಹೆಡ್‌ಮಾಸ್ತರರನ್ನು ಕೇಳಿದಳು:

"ಸರ, ಈ ಊರಾಗ ಗೋದಾಮು ಅದ ಏನ್ರಿ?"

ಹೆಡ್‌ಮಾಸ್ತರರ ಮುಖ ಅರಳಿತು. "ಅದ ರೀ ಅಕ್ಕಾರ. ಹೋದ ವರ್ಷ ಕಟ್ಟ್ಯಾರ, ತೊಂಬತ್ತು ಫೂಟು, ಸಿಮೆಂಟಿನ ನೆಲ. ಮಾಸ್ತರ್ ಬರ್ತಾರಂತ ಗೊತ್ತಾದ ಕೂಡ್ಲೆ ಜೇವರ್ಗಿ ಸಾಹೇಬ್ರು ಹೊಸ ರ್‍ಯಾಕೆಟ್ ತರಿಸ್ಯಾರ."

ಗೌರಾಬಾಯಿ ಸಡಿಲಾಗಿದ್ದ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಗಿ ಮಾಡಿದಳು.