ತಂಗಿಯ ನಂಬರು ಕಟ್ಟಿಕೊಂಡವಳು

ಪರದೆ ಹೊಲಿಯುವವಳಿಗೆ ಇಪ್ಪತ್ತೊಂದು ಕಿಲೋಮೀಟರು ಓಡುವ ಉಸಾಬರಿ ಏಕೆ ಎಂದು ಅಂಗಡಿಯ ಮಾಲೀಕರು ಕೇಳಿದ್ದರು, ಇಸ್ತ್ರಿ ಮಾಡುವವಳು ಕೇಳಿದ್ದಳು, ಕಡೆಗೆ ಗಂಡನೂ ಕೇಳಿ ಮುಗಿಸಿದ್ದ. ಅಕ್ಕನಿಗೆ ನಲವತ್ತಾರು ವರ್ಷ. ಇಡೀ ದಿನ ಮಷೀನಿನ ಮುಂದೆ ಕೂತು ಹೋಟೆಲು ಕೋಣೆಗಳ ಪರದೆಗೆ ಅಂಚು ಮಡಿಸುವ ಹೆಂಗಸು. ಕೇಳಿದವರಿಗೆಲ್ಲ ತೂಕ ಇಳಿಸೋಕೆ ಎಂದು ಹೇಳಿ ಸಾಗಹಾಕಿದ್ದಳು. ತೂಕವೇನೋ ಅರ್ಧ ಕಿಲೋ ಕೂಡ ಇಳಿದಿರಲಿಲ್ಲ, ಆ ಮಾತು ಬೇರೆ. ಅವಳು ಓಡುತ್ತಿದ್ದದ್ದು ತಂಗಿಗಾಗಿ.

ತಂಗಿ ಶಾಲೆಯ ಬಸ್ಸು ಓಡಿಸುತ್ತಾಳೆ. ಮದುವೆಯಾಗಿಲ್ಲ, ಅಕ್ಕನ ಮನೆಯ ಮಹಡಿಯ ಕೋಣೆಯಲ್ಲಿದ್ದಾಳೆ. ಚಿಕ್ಕಂದಿನಿಂದ ಅವಳ ಹೆಸರು ಮೊಂಡಿ. ಹೆತ್ತವರು ಆಸೆಪಟ್ಟು ಇಟ್ಟ ಹೆಸರಿನಿಂದ ಅವಳನ್ನು ಕರೆಯುವವರು ಬ್ಯಾಂಕಿನವರು ಮಾತ್ರ. ಆರು ವರ್ಷ ಓಟದ ಹುಚ್ಚು ಹಿಡಿಸಿಕೊಂಡಿದ್ದವಳು ಕಳೆದ ವರ್ಷ ಇದೇ ಓಟ ಮುಗಿಸಿ ಬಂದು ಬೂಟನ್ನು ಮಂಚದ ಕೆಳಗೆ ತಳ್ಳಿಬಿಟ್ಟಿದ್ದಳು. ಅವತ್ತು ಅವಳ ಜೊತೆ ಓಡುತ್ತಿದ್ದ ಗೆಳತಿ, ದೊಡ್ಡಾಸ್ಪತ್ರೆಯ ನರ್ಸ್, ಹದಿನೇಳನೆಯ ಕಿಲೋಮೀಟರಿನ ಹತ್ತಿರ ರಸ್ತೆ ಬದಿಯಲ್ಲೇ ತೀರಿಕೊಂಡಿದ್ದಳು. ನೀನು ಮುಂದೆ ಹೋಗು ಎಂದು ಅವಳೇ ಕಳಿಸಿದಳು, ಗುರಿ ಮುಟ್ಟಿದ ಮೇಲೆ ವಿಷಯ ಗೊತ್ತಾಯಿತು. ತಂಗಿ ಹೇಳಿದ್ದು ಇಷ್ಟೇ. ಅದಾದ ಮೇಲೆ ಅವಳ ಊಟ ಅರ್ಧಕ್ಕಿಳಿಯಿತು, ಮಾತು ಕಾಲು ಭಾಗಕ್ಕಿಳಿಯಿತು. ಮಹಡಿಯ ದೀಪ ಮಾತ್ರ ಆರುತ್ತಲೇ ಇರಲಿಲ್ಲ.

ಹೀಗೇ ಬಿಟ್ಟರೆ ಇವಳು ಕೈತಪ್ಪಿ ಹೋಗುತ್ತಾಳೆ ಎಂದು ಅಕ್ಕನಿಗೆ ಭಯ ಹುಟ್ಟಿತು. ಓಟವೇ ಕೆಡಿಸಿದ್ದನ್ನು ಓಟವೇ ಸರಿಮಾಡಬೇಕು ಎಂದು ತನಗೆ ತಾನೇ ತೀರ್ಮಾನಿಸಿ, ಕೇಳದೆಯೇ ತಂಗಿಯ ಹೆಸರನ್ನು ಮೊಂಡಿ ಎಂದೇ ನೋಂದಾಯಿಸಿದಳು. ಎಂಟು ತಿಂಗಳು ಬೆಳಿಗ್ಗೆ ಐದಕ್ಕೆ ಹೊದಿಕೆ ಎಳೆದು ಎಬ್ಬಿಸಿ, ಜೊತೆಗೆ ತಾನೂ ಏದುಸಿರು ಬಿಡುತ್ತ ಓಡಿದಳು. ತನ್ನ ಹೆಸರನ್ನೂ ಕೊಡುವ ಧೈರ್ಯ ಬರುವಷ್ಟರಲ್ಲಿ ಪಟ್ಟಿ ಮುಚ್ಚಿತ್ತು. ಪರವಾಗಿಲ್ಲ, ಗುರಿಯ ಹತ್ತಿರ ನಿಂತು ಚಪ್ಪಾಳೆ ತಟ್ಟುತ್ತೇನೆ ಎಂದುಕೊಂಡಿದ್ದಳು.

ಓಟದ ದಿನ ಬೆಳಿಗ್ಗೆ ನೋಡಿದರೆ ತಂಗಿ ಒಂದೇ ಕಾಲಿಗೆ ಬೂಟು ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ತನ್ನಿಂದ ಆಗುವುದಿಲ್ಲ ಎಂದಳು. ಅಕ್ಕ ಬೈದಳು, ರಮಿಸಿದಳು, ಮತ್ತೆ ಬೈದಳು. ತಂಗಿ ತಲೆ ಎತ್ತಲಿಲ್ಲ. ಎಂಟು ತಿಂಗಳ ಸಿಟ್ಟೆಲ್ಲ ಅಕ್ಕನ ನೆತ್ತಿಗೇರಿತು. ಮೇಜಿನ ಮೇಲಿದ್ದ ಹಳದಿ ನಂಬರು ಹಾಳೆಯನ್ನು ತೆಗೆದು, ನಾಲ್ಕು ಪಿನ್ನು ಚುಚ್ಚಿ ತನ್ನ ಎದೆಗೇ ಕಟ್ಟಿಕೊಂಡಳು.

ಇದು ಮಾಡಬಾರದ ಕೆಲಸ. ಒಂದು ನಂಬರು ಒಬ್ಬರದ್ದು. ಅದರ ಹಿಂದೆ ಅವರ ರಕ್ತದ ಗುಂಪು, ಮನೆಯವರ ಫೋನು ಎಲ್ಲ ಬರೆದಿರುತ್ತದೆ. ಆದರೂ ಓಡುವವರ ಪೈಕಿ ಇದನ್ನು ಮಾಡದವರು ಕಡಿಮೆ. ಅಕ್ಕತಂಗಿಯರು ಒಬ್ಬರ ಸೀರೆ ಇನ್ನೊಬ್ಬರು ಉಟ್ಟ ಹಾಗೆ ಅಂದುಕೊಳ್ಳುತ್ತಾರೆ.

"ನನ್ನ ನಂಬರು ಹಾಕ್ಕೋಬೇಡ ಅಕ್ಕ," ಎಂದಳು ತಂಗಿ. ಮೂರು ಸಲ ಅಂದಳು. ಅಕ್ಕ ಅದನ್ನು ನಿಯಮದ ಹೆದರಿಕೆ ಎಂದುಕೊಂಡು ಮೂಗು ಮುರಿದಳು. ಕೊನೆಗೆ ತಂಗಿ ಅವಳ ಫೋನನ್ನು ಕಸಿದುಕೊಂಡು, ಅಕ್ಕ ಎಲ್ಲಿದ್ದಾಳೆಂದು ತನ್ನ ಫೋನಿನಲ್ಲಿ ಕಾಣುವ ಹಾಗೆ ಮಾಡಿ, ಸೊಂಟದ ಚೀಲಕ್ಕೆ ಹಾಕಿದಳು.

ಮೊದಲ ಹತ್ತು ಕಿಲೋಮೀಟರು ಹಬ್ಬದ ಹಾಗಿತ್ತು. ಹಾಳೆಯ ಮೇಲೆ ನಂಬರಿಗಿಂತ ದೊಡ್ಡದಾಗಿ ಮೊಂಡಿ ಎಂದು ಅಚ್ಚಾಗಿತ್ತಲ್ಲ, ರಸ್ತೆ ಬದಿಯ ಜನ ಅದನ್ನೇ ಓದಿ ಕೂಗುತ್ತಿದ್ದರು. ಬಿಡಬೇಡ ಮೊಂಡಿ, ಭಲೇ ಮೊಂಡಿ. ಮೊದಮೊದಲು ಅಕ್ಕನಿಗೆ ನಗು ಬಂತು. ಆಮೇಲೆ ಆ ಹೆಸರು ಮೈಗೆ ಹೊಂದಿಕೊಂಡಿತು. ಯಾರೋ ಹಿಂದಿನಿಂದ ಕೂಗಿದಾಗ ಅವಳು ಯೋಚಿಸದೆ ಕೈ ಎತ್ತಿದಳು.

ಹನ್ನೆರಡನೆಯ ಕಿಲೋಮೀಟರು ದಾಟಿದ ಮೇಲೆ ಜನ ತೆಳುವಾದರು. ಎರಡೂ ಕಡೆ ಗೋದಾಮುಗಳು, ಎಳೆದ ಷಟರುಗಳು. ತೊಡೆ ಕಲ್ಲಾಗತೊಡಗಿತು. ಆಗ ಎಡಗಡೆಗೆ ಒಬ್ಬಳು ಬಂದು ಸೇರಿಕೊಂಡಳು. ಎತ್ತರದ, ಸಣಕಲು ಮೈಯ ಹೆಂಗಸು. ಅಕ್ಕನ ಹೆಜ್ಜೆಗೆ ಹೆಜ್ಜೆ ಕೂಡಿಸಿ ಓಡಿದಳು. ಅವಳ ಬೂಟಿನ ಸದ್ದು ಮಾತ್ರ ಕೇಳಲಿಲ್ಲ.

ಬಾಯಿಂದ ಉಸಿರು ಎಳೆಯಬೇಡ, ಮೂಗಿನಿಂದ ತಗೋ ಎಂದು ಅವಳು ಮೆಲ್ಲಗೆ ಹೇಳಿದಳು. ಮೊಂಡಿ ಎಂದೇ ಕರೆದಳು. ಓಡುತ್ತಲೇ ಅಕ್ಕನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ನೂರ ಎಪ್ಪತ್ತೆರಡು ಎಂದು ನಾಡಿ ಎಣಿಸಿ ಹೇಳಿದಳು. ಬೆರಳು ನಲ್ಲಿಯ ಕೆಳಗೆ ಹಿಡಿದು ತಂದಂತೆ ತಣ್ಣಗಿತ್ತು. ಬೆವರಿನಲ್ಲಿ ಮುಳುಗಿದ್ದ ಅಕ್ಕನಿಗೆ ಅದು ಹಿತವಾಗೇ ಇತ್ತು. ಒಳ್ಳೆಯ ಜೊತೆ ಸಿಕ್ಕಿತು ಎಂದುಕೊಂಡಳು.

ನೀರಿನ ಮೇಜು ಬಂದಾಗ ಅಕ್ಕ ಎರಡು ಲೋಟ ಎತ್ತಿಕೊಂಡಳು. ಇನ್ನೊಂದು ಯಾರಿಗೆ, ಹಿಂದೆ ಇನ್ನೂ ಜನ ಬರಬೇಕು ಎಂದು ಮೇಜಿನ ಹಿಂದಿದ್ದ ಹೆಂಗಸು ಗೊಣಗಿದಳು. ಇವರಿಗೆ ಎಂದು ಅಕ್ಕ ಎಡಕ್ಕೆ ಕೈ ಮಾಡಿದಳು. ಆ ಹೆಂಗಸು ಅಲ್ಲಿಗೆ ನೋಡಿದಳು, ಅಕ್ಕನನ್ನು ನೋಡಿದಳು, ಬಿಸಿಲಿಗೆ ತಲೆ ಕೆಟ್ಟಿದೆ ಅಂದುಕೊಂಡಳೋ ಏನೋ, ಸ್ವಲ್ಪ ಕೂತು ಹೋಗಿ ಅಮ್ಮ ಎಂದಳು.

ಆಗಲೇ ಅಕ್ಕ ಜೊತೆಯವಳ ಎದೆಯನ್ನು ಸರಿಯಾಗಿ ನೋಡಿದ್ದು. ಎಲ್ಲರದ್ದೂ ಹಳದಿ ಹಾಳೆ. ಅವಳದ್ದು ನೀಲಿ. ಮೂಲೆಯಲ್ಲಿ ಕಳೆದ ವರ್ಷದ ತಾರೀಖು. ತಂಗಿಯ ಕೋಣೆಯ ಗೋಡೆಗೆ ಅಂಟಿಸಿದ್ದ ಫೋಟೋದಲ್ಲಿ ಇದೇ ಮುಖ, ಇದೇ ನೀಲಿ ಹಾಳೆ.

ಕಾಲಿಗೆ ಬುದ್ಧಿ ಹೇಳೋಣವೆಂದರೆ ಕಾಲು ಆಗಲೇ ಓಡುತ್ತಿತ್ತು. ಅದಕ್ಕಿಂತ ಜೋರಾಗಿ ಓಡಲು ಅವಳಿಗೆ ಬರುತ್ತಿರಲಿಲ್ಲ. ನಾನು ಮೊಂಡಿ ಅಲ್ಲ, ಅವಳ ಅಕ್ಕ ಎಂದು ಹೇಳಲು ಬಾಯಿ ತೆರೆದಳು. ನರ್ಸ್ ಅವಳ ಮುಖ ನೋಡುತ್ತಿರಲಿಲ್ಲ. ಎದೆಯ ಮೇಲಿನ ಅಕ್ಷರವನ್ನೇ ನೋಡುತ್ತಿದ್ದಳು.

"ಎದೆ ಹಿಡ್ಕೊಂಡಿದೆ, ಜೊತೇಲಿರು ಅಂದೆ ನಿಂಗೆ," ಎಂದಳು ನರ್ಸ್. ದೂರುವ ದನಿಯಲ್ಲ, ಜ್ಞಾಪಿಸುವ ದನಿ. "ಇಲ್ಲೇ ಕೂತಿರು, ಮುಗಿಸಿ ವಾಪಸ್ ಓಡಿ ಬರ್ತೀನಿ ಅಂದೆ ನೀನು. ನಾನು ಎಣಿಸ್ತಾ ಕೂತೆ. ಇನ್ನೂ ಎಣಿಸ್ತಿದ್ದೀನಿ ಮೊಂಡಿ."

ತಂಗಿ ಒಂದು ವರ್ಷ ನುಂಗಿಕೊಂಡಿದ್ದದ್ದು ಇದು. ಅಕ್ಕನಿಗೆ ಮೊದಲು ಬಂದದ್ದು ಭಯವಲ್ಲ, ಅಳು. ಆಮೇಲೆ ಭಯ ಬಂತು, ಲೆಕ್ಕ ಹಾಕಿಕೊಂಡೇ ಬಂತು. ಹದಿನೇಳನೆಯ ಕಿಲೋಮೀಟರಿನಿಂದ ಮನೆ ಎರಡೇ ಬೀದಿ. ನಾನಲ್ಲ ಎಂದರೆ ಇವಳು ಕೇಳುವ ಮುಂದಿನ ಮಾತು ಅವಳೆಲ್ಲಿ ಎಂಬುದು. ಅವಳು ಮೆಟ್ಟಿಲ ಮೇಲೆ ಒಂದು ಬೂಟು ಹಾಕಿಕೊಂಡು ಕೂತಿದ್ದಾಳೆ.

"ಹೌದು, ಅಂದಿದ್ದೆ," ಎಂದಳು ಅಕ್ಕ. "ತಪ್ಪಾಯ್ತು. ಈ ಸಲ ಬಿಟ್ಟು ಹೋಗಲ್ಲ."

ಅಕ್ಕತಂಗಿಯರ ದನಿ ಒಂದೇ ಥರ. ನರ್ಸ್ ತಲೆಯಾಡಿಸಿದಳು.

ಹದಿನೇಳರ ಫಲಕದ ಪಕ್ಕ ಬಣ್ಣದ ಅಂಗಡಿಯ ಮುಚ್ಚಿದ ಷಟರು, ಅದರ ಮುಂದೆ ಕಾಲುದಾರಿಯ ಅಂಚುಗಲ್ಲು. ನರ್ಸ್ ಅಲ್ಲಿ ಕೂತಳು. ಅಕ್ಕ ಪಕ್ಕದಲ್ಲಿ ಕೂತಳು. ಕೂತದ್ದೇ ತಡ, ಮೊಣಕಾಲಿನ ಕೆಳಗೆ ಏನೂ ಇಲ್ಲದಂತಾಯಿತು. ತಣ್ಣನೆಯ ಬೆರಳು ಮತ್ತೆ ಮಣಿಕಟ್ಟಿನ ಮೇಲೆ ಬಂದು ಕೂತಿತು.

"ನೂರ ನಲವತ್ತು," ಎಂದಳು ನರ್ಸ್. ಸ್ವಲ್ಪ ಹೊತ್ತು ಬಿಟ್ಟು, "ನೂರ ಹತ್ತು."

ಹಳದಿ ಹಾಳೆಯವರು ಎದುರಿಗೇ ಓಡಿಹೋಗುತ್ತಿದ್ದರು. ಒಬ್ಬಾತ ಏಳಿ ಮೊಂಡಿ, ಇನ್ನು ನಾಲ್ಕೇ ಎಂದು ಕೂಗಿ ಮುಂದಕ್ಕೆ ಹೋದ. ಎಪ್ಪತ್ತು ಎಂದಾಗ ಅಕ್ಕನಿಗೆ ಚಳಿಯಾಯಿತು. ಐವತ್ತೈದು ಎಂದಾಗ ಅಂಗಡಿಯಲ್ಲಿ ಅರ್ಧ ಹೊಲಿದು ಬಿಟ್ಟ ಹಸಿರು ಪರದೆ ನೆನಪಾಯಿತು, ಗಂಡ ಬಿಸಿನೀರಿನ ಸ್ವಿಚ್ಚು ಆರಿಸಲು ಮರೆಯುತ್ತಾನೆ ಎಂದೂ ನೆನಪಾಯಿತು. ಸೊಂಟದ ಚೀಲದಲ್ಲಿ ಫೋನು ಗುರುಗುಟ್ಟುತ್ತಿತ್ತು. ಅವಳು ತೆಗೆಯಲಿಲ್ಲ. ಅವಳಿಗೆ ಸಾಯಲು ಇಷ್ಟವಿರಲಿಲ್ಲ, ಎಳ್ಳಷ್ಟೂ ಇರಲಿಲ್ಲ. ಆದರೆ ಕೈ ಎಳೆದುಕೊಂಡರೆ ಈ ಬೆರಳು ಯಾರ ಕೈ ಹುಡುಕುತ್ತದೆ ಎಂದು ಗೊತ್ತಿದ್ದರಿಂದ ಹಲ್ಲು ಕಚ್ಚಿ ಕೂತಳು.

"ನಲವತ್ತು," ಎಂದಳು ನರ್ಸ್.

ತಂಗಿ ಮನೆಯಲ್ಲಿ ಫೋನು ಹಿಡಿದು ನೋಡುತ್ತಲೇ ಇದ್ದಳು. ಅಕ್ಕನನ್ನು ತೋರಿಸುವ ಚುಕ್ಕೆ ಹದಿನೇಳರಲ್ಲಿ ನಿಂತಿತು, ಅದೇ ಅಂಗಡಿಯ ಮುಂದೆ. ಹತ್ತು ಸಲ ಫೋನು ಮಾಡಿದಳು. ಆಮೇಲೆ ಆ ಒಂದು ಬೂಟನ್ನೂ ಕಿತ್ತೆಸೆದು ಬರಿಗಾಲಲ್ಲಿ ಹೊರಟಳು. ಒಂದು ವರ್ಷದಿಂದ ಈ ದಾರಿ ತುಳಿಯದವಳು ಎರಡು ಬೀದಿಯನ್ನು ಉಸಿರು ಬಿಡದೆ ಓಡಿಬಂದಳು. ತಿರುವಿನಲ್ಲಿ ಕಂಡಾಗಲೇ ಕೂಗಿದಳು.

"ಅಕ್ಕಾ!"

ಎಣಿಕೆ ನಿಂತಿತು. ನರ್ಸ್ ಆಗ ಮೊದಲ ಸಲ ಹಾಳೆ ಬಿಟ್ಟು ಮುಖ ನೋಡಿದಳು. ಆಮೇಲೆ ಓಡಿಬರುತ್ತಿದ್ದವಳನ್ನು ನೋಡಿದಳು.

ತಂಗಿ ಬಂದು ಮೊಣಕಾಲೂರಿ ಅಕ್ಕನನ್ನು ತಬ್ಬಿಕೊಂಡಳು. ಏನೇನೋ ಬಡಬಡಿಸಿದಳು. ನಾನೇ ಬಿಟ್ಟುಹೋದೆ, ವಾಪಸ್ ಬರ್ತೀನಿ ಅಂತ ಹೇಳಿ ಹೋದೆ, ನನ್ನ ಓಟದಲ್ಲಿ ಮೂರು ನಿಮಿಷ ಉಳಿಯುತ್ತೆ ಅಂತ ಹೋದೆ ಎಂದು ಬಿಕ್ಕಿದಳು. ಅವಳ ಭುಜದ ಮೇಲಿಂದ ಅಕ್ಕನಿಗೆ ನರ್ಸಿನ ಮುಖ ಕಾಣುತ್ತಿತ್ತು.

"ನಿಂಗಾದ್ರೆ ಓಡಿ ಬಂದ್ಲು," ಎಂದಳು ನರ್ಸ್.

ಬೆರಳು ಎದ್ದಿತು. ಮಣಿಕಟ್ಟಿನಲ್ಲಿ ರಕ್ತ ಚುರುಗುಟ್ಟುತ್ತ ಹರಿಯಿತು. ಅಕ್ಕ ಕಣ್ಣು ಮಿಟುಕಿಸಿ ನೋಡಿದರೆ ಅಂಚುಗಲ್ಲಿನ ಮೇಲೆ ಯಾರೂ ಇರಲಿಲ್ಲ. ನಂಬಲಾಗದಷ್ಟು ಹಗುರವಾಯಿತು ಅವಳಿಗೆ. ಕ್ಷಮಿಸಿ ಹೋದಳು, ಪಾಪ ಎಂದುಕೊಂಡಳು. ತಂಗಿಗೆ ಏನನ್ನೂ ಹೇಳಬಾರದೆಂದು ಬಾಯಿಗೆ ಬೀಗ ಹಾಕಿಕೊಂಡಳು. ಎದೆಯ ಹಾಳೆಯನ್ನು ಕಿತ್ತು ಮುದ್ದೆ ಮಾಡಿ ಕಸದ ಡಬ್ಬಕ್ಕೆ ಹಾಕಿ, ಬಾ ಮೊಂಡಿ, ಬಿಸಿಯಾಗಿ ಏನಾದರೂ ಕುಡಿಯೋಣ ಎಂದು ತಂಗಿಯ ಕೈಹಿಡಿದು ಎಬ್ಬಿಸಿದಳು.

ಇಬ್ಬರೂ ಮನೆಯ ಬೀದಿಗೆ ತಿರುಗಿದರು. ಆ ಜಾಗದಿಂದ ದೂರವಾದರೆ ಸಾಕಾಗಿತ್ತು ಅಕ್ಕನಿಗೆ. ಕಾಲೆಳೆಯುತ್ತಲೇ ಬಿರಬಿರನೆ ನಡೆದಳು. ತಂಗಿ ಅತ್ತು ಹಗುರಾಗಿದ್ದಳು, ವರ್ಷದ ಮೇಲೆ ಮುಖ ತಿಳಿಯಾಗಿತ್ತು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಅವಳು ಅಕ್ಕನ ಕೈ ಜಗ್ಗಿ ನಿಲ್ಲಿಸಿದಳು.

"ಇಷ್ಟು ಜೋರಾಗಿ ಬೇಡ ಅಕ್ಕ," ಎಂದಳು, ಎಡಗಡೆಗೆ ತಿರುಗಿ ಕಾಯುತ್ತ. "ಅವಳ ಕೈಲಿ ಆಗ್ತಿಲ್ಲ."