ಕೈಲೋ, ಬಾಯ್ಲೋ?

ಕಾಫಿ ತೋಟದ ಮೂರು ತಾಕುಗಳಿಗೆ ಸುಣ್ಣ ಎರಚಿ ಆಗಿತ್ತು. ನಾಲ್ಕನೆಯದರ ಅಂಚಿನಲ್ಲಿ ಬೆಟ್ಟಮ್ಮ ಬುಟ್ಟಿ ಇಳಿಸಿ ನಿಂತುಬಿಟ್ಟಳು.

"ಮೇಡಮ್ಮಾ, ಈ ಸಲ ಮಣ್ಣು ತೆಗೆಯಂಗಿಲ್ವಾ?"

"ಹೋದ ವಾರವೇ ತೆಗೆದಾಯ್ತಲ್ಲ."

"ಯಾರ್ ತೆಗುದ್ರು? ಅಗೆದಿರೋ ಗುರ್ತೇ ಇಲ್ವಲ್ಲ!"

ನೋಡಿದೆ. ಕಾಫಿ ಗಿಡಗಳ ಬುಡದಲ್ಲಿ ತರಗೆಲೆ ಕೂಡ ಅಲುಗಿರಲಿಲ್ಲ.

ಬೆಳಗೋಡಿನ ಹತ್ತಿರದ ನಮ್ಮ ಸರ್ಕಾರಿ ಸಂಶೋಧನಾ ಕೇಂದ್ರದಲ್ಲಿ ಇದು ಮೂರು ವರ್ಷದ ಪ್ರಯೋಗ. ಹುಳಿ ಮಣ್ಣಿಗೆ ಎಷ್ಟು ಸುಣ್ಣ ಬೇಕೆಂದು ಇಪ್ಪತ್ತನಾಲ್ಕು ತಾಕುಗಳಲ್ಲಿ ಪರೀಕ್ಷಿಸುತ್ತೇವೆ. ಸುಣ್ಣ ಬೀಳುವ ಮೊದಲೇ ಮಣ್ಣಿನ ಮಾದರಿ ತೆಗೆಯಬೇಕು. ಹೋದ ವರ್ಷ ತೆಗೆದಿದ್ದೆವು; ಮೊದಲ ವರ್ಷ ಅದು ತಪ್ಪಿತ್ತು. ಹೇಗೆ ತಪ್ಪಿತೆಂದು ಯಾರಿಗೂ ತಿಳಿಯಲಿಲ್ಲ. ಕೊನೆಯದಾದ ಈ ವರ್ಷವೂ ಮಾದರಿ ಇಲ್ಲದಿದ್ದರೆ ಯೋಜನೆ ಮುಚ್ಚುತ್ತೇನೆಂದು ಮುಖ್ಯಸ್ಥ ಚಂದ್ರಶೇಖರ ಸರ್ ಹೇಳಿದ್ದರು.

ಸಹಾಯಕ ನಟರಾಜ್‌ನನ್ನು ಕರೆಸಿ ರಿಜಿಸ್ಟರ್ ತೋರಿಸಿದೆ. ಅವನ ಹೆಸರಿನ ಮುಂದೆ ನನ್ನದೇ ಅಕ್ಷರ: "ಮಣ್ಣಿನ ಮಾದರಿ: ಆಯ್ತು."

"ಅಯ್ಯೋ ಮೇಡಂ, ನೀವು ತೆಗೀರಿ ಅಂದ್ರಿ, ನಾನು ಆಯ್ತು ಅಂದೆ. ಮಣ್ಣು ತೆಗೆಯೋ ಕೊಳವೆ ಬಗ್ಗೋಗಿತ್ತು. ರಿಪೇರಿಗೆ ಕೊಟ್ಟಿದ್ದೀನಿ, ಬಂದ್ಮೇಲೆ ಮಾಡಾನ ಅಂತ."

ಬೆಟ್ಟಮ್ಮನಿಗೆ ನಗು ತಡೆಯಲಾಗಲಿಲ್ಲ. "ಹೆತ್ತೂರಿನ ಎಸ್ಟೇಟಲ್ಲಿ ಲೆಕ್ಕ ಬರಿಯೋ ನಮ್ ರೈಟರು ದಿನಾ ಬೆಳಿಗ್ಗೆ ಸಾಲಾಗಿ ನಿಲ್ಸಿ ಕೇಳೋರು. ಬರೀ ಆಯ್ತು ಅಂದ್ರೆ ಬಿಡ್ತಿರ್ಲಿಲ್ಲ ಕಣಪ್ಪ. 'ಕೈಲೋ, ಬಾಯ್ಲೋ?' ಅನ್ನೋರು."

ಉಳಿದ ಸುಣ್ಣದ ಮೂಟೆ ಕಟ್ಟಿಸಿ, ಒಳಗೆ ಹೋಗಿ ಹಳೆಯ ಸಭೆಗಳ ನಡವಳಿಗಳನ್ನು ತಿರುವಿದೆ. ಪುಟದ ತುಂಬ 'ಆಯ್ತು'. ಮೊದಲ ವರ್ಷದ ಮಾದರಿಯ ಮುಂದೆಯೂ ಅದೇ. ಅಳತೆಯಲ್ಲಿ ಒಂದು ಗ್ರಾಂ ಆಚೀಚೆಯಾಗಲು ಬಿಡದ ನಾನು, ಒಂದು ಪದವನ್ನು ಅಳೆಯದೆ ಬರೆದುಕೊಂಡಿದ್ದೆ.

ರಿಜಿಸ್ಟರಿನ ಹೊಸ ಪುಟದಲ್ಲಿ ಎರಡು ಕಾಲಂ ಎಳೆದೆ: ಬಾಯಿ, ಕೈ. ಎರಡಕ್ಕೂ ತಾರೀಖು. ಮರುದಿನದಿಂದ ಬೆಳಿಗ್ಗೆ ಎಂಟಕ್ಕೆ ಸ್ಟೋರ್ ಮುಂದೆ ಎಲ್ಲರೂ ನಿಂತೇ ಹತ್ತು ನಿಮಿಷ ಮಾತು. ಕೊಳವೆಗೆ ಕಾಯದೆ ಗುದ್ದಲಿಯಲ್ಲೇ ಎರಡು ದಿನ ಅಗೆದೆವು. ನಟರಾಜ್ ಎಲ್ಲರಿಗಿಂತ ಮೊದಲು ಬರುತ್ತಿದ್ದ.

ವಾರದ ಬಳಿಕ ಚಂದ್ರಶೇಖರ ಸರ್ ತೋಟಕ್ಕೆ ಬಂದರು.

"ಮೂರು ತಾಕು ಕಳೆದುಕೊಂಡೆವು ಸರ್, ತಪ್ಪು ನನ್ನದು. ಉಳಿದ ಇಪ್ಪತ್ತೊಂದರ ಮಣ್ಣು ಲ್ಯಾಬ್ ತಲುಪಿದೆ. ಹಾಳಾದ ಮೊದಲ ವರ್ಷದ ಬದಲು ಇನ್ನೊಂದು ವರ್ಷ ಬೇಕು."

ಅವರು ರಿಜಿಸ್ಟರ್ ನಿಧಾನವಾಗಿ ಓದಿದರು. 'ಬಾಯಿ' ಕಾಲಂನ ಮೇಲೆ ಬೆರಳಿಟ್ಟು ಮುಗುಳ್ನಕ್ಕರು.

"ಆಯ್ತು, ಧನುಶ್ರೀ."

ಇದು ಯಾವ 'ಆಯ್ತು' ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಹಿಂದಿನಿಂದ ಬೆಟ್ಟಮ್ಮನ ದನಿ ಬಂತು: "ಕೈಲೋ, ಬಾಯ್ಲೋ ಸಾರ್?"

ನಟರಾಜ್ ಮೋಡ ನೋಡತೊಡಗಿದ. ಸರ್ ಅವಳತ್ತ ತಿರುಗಿದರು, ಆಮೇಲೆ ನನ್ನತ್ತ ಕೈ ಚಾಚಿದರು.

"ಪೆನ್ ಕೊಡಮ್ಮ. ಇನ್ನೊಂದು ವರ್ಷ ಕೇಳೋ ಪತ್ರ ಬರೆದಿದ್ದೀಯಾ, ಅಥವಾ ಅದೂ ಬಾಯಲ್ಲೇ ಇದೆಯಾ?"

ಬರೆದಿದ್ದೆ. ರಿಜಿಸ್ಟರಿನ ಕೊನೆಯ ಪುಟದಲ್ಲಿತ್ತು.