ದುರುಗಪ್ಪನ ಮುಕ್ಕಾಲಿ

ಅಪ್ಪ ಅಲ್ಲಾಡುತ್ತದೆ ಎಂದರೆ ಅಲ್ಲಾಡುತ್ತದೆ. ನಮ್ಮ ಮನೆಯ ಕಾನೂನು ಅದು. ಗೋಡೆಯ ಗಡಿಯಾರ ಕೂದಲೆಳೆಯಷ್ಟು ವಾಲಿದರೂ ಶೇಷಗಿರಿ ಮಾಸ್ತರರ ಕಣ್ಣಿಗೆ ಬೀಳದೆ ಇರುವುದಿಲ್ಲ. ರಾಯಚೂರಿನ ಅರ್ಧ ಊರಿಗೆ ಗಣಿತ ಕಲಿಸಿ ನಿವೃತ್ತರಾದವರು. ನೆಂಟರ ಮದುವೆಗೆ ಹೋದಲ್ಲಿ ಚಪ್ಪರದ ಕಂಬ ಸೊಟ್ಟಾಗಿದೆ ಎಂದು ತಕರಾರು ತೆಗೆದು, ಅದನ್ನು ನೆಟ್ಟಗೆ ಮಾಡಿಸಿದ ಮೇಲೆಯೇ ಎಲೆಗೆ ಕೂತವರು. ಅವರ ಒಬ್ಬಳೇ ಮಗಳು ನಾನು, ಪೂರ್ಣಶ್ರೀ. ಮಾನ್ವಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ, ಭಾನುವಾರ ಬಂದೂಕು ಹಿಡಿಯುತ್ತೇನೆ. ಮದುವೆ ಯಾಕಾಗಿಲ್ಲ ಎಂದು ಕೇಳುವವರಿಗೆ ಬಂದೂಕಿನ ಮಾತನ್ನು ಇನ್ನೊಮ್ಮೆ ಹೇಳುತ್ತೇನೆ, ಸುಮ್ಮನಾಗುತ್ತಾರೆ.

ನೆಲದ ಮೇಲೆ ಮಲಗಿ ಮುನ್ನೂರು ಮೀಟರ್ ದೂರದ ಗುರಿಗೆ ಹೊಡೆಯುವ ಆಟ ನಮ್ಮದು. ಬಂದೂಕಿನ ಹಿಂಬದಿ ಹೆಗಲಿಗೆ ಒರಗಿರುತ್ತದೆ, ಮುಂಬದಿ ಒಂದು ಆಸರೆಯ ಮೇಲೆ ಕೂತಿರುತ್ತದೆ. ಆ ಆಸರೆಗೆ ರೆಸ್ಟ್ ಅನ್ನುತ್ತೇವೆ. ನಮ್ಮಮ್ಮ ಅಹಲ್ಯಾಬಾಯಿಗೆ ಮಾತ್ರ ಅದು ಬಂದೂಕಿನ ಮಣೆ. "ಬಂದೂಕಿಗೆ ಮಣಿ ಹಾಕಿ ಕೂಡಸ್ತಿ, ಮನಿಗೆ ಬಂದವರಿಗೆ ಒಂದ ಚಾಪಿ ಹಾಸಂಗಿಲ್ಲ" ಎನ್ನುವುದು ಅವಳ ನಿತ್ಯ ಪಾರಾಯಣ.

ಮಣೆ ಅನ್ನಲಿ, ಏನಾದರೂ ಅನ್ನಲಿ, ಅದು ಇಲ್ಲಿ ಎಳ್ಳಷ್ಟು ಸರಿದರೆ ಗುಂಡು ಅಲ್ಲಿ ಅಂಗೈಯಷ್ಟು ಸರಿಯುತ್ತದೆ. ನನ್ನದು ಹಳೆಯ ಕ್ಯಾನ್ವಾಸ್ ಚೀಲ, ಒಳಗೆ ಹೊಳೆಯ ಮರಳು. ಹೊಡೆದಂತೆಲ್ಲ ಒಳಗೊಳಗೇ ಕುಸಿಯುವ ಆ ದರಿದ್ರ ಚೀಲದಿಂದಲೇ ಕಳೆದ ಎರಡು ವರ್ಷವೂ ರಾಜ್ಯ ತಂಡದ ಆಯ್ಕೆ ಕೈಗೆ ಬಂದ ತುತ್ತು ಬಾಯಿಗೆ ಬಾರದಂತೆ ಹೋಯಿತು. ಈ ಸಲ ಕ್ಲಬ್ಬಿನವರು ಖಡಾಖಂಡಿತ ಹೇಳಿಬಿಟ್ಟಿದ್ದರು. ತಂಡದಲ್ಲಿ ಹೆಸರು ಬರದಿದ್ದರೆ ಬಂದೂಕು ಬೇರೆಯವರಿಗೆ. ಬಂದೂಕು ನನ್ನದಲ್ಲ, ಕ್ಲಬ್ಬಿನದು. ಅದು ಹೋದರೆ ನನ್ನ ಭಾನುವಾರ ಹೋಯಿತು, ಭಾನುವಾರವಿಲ್ಲದೆ ವಾರದ ಉಳಿದ ದಿನಗಳನ್ನು ತಳ್ಳುವ ಶಕ್ತಿ ನನ್ನಲ್ಲಿರಲಿಲ್ಲ. ಊಟಕ್ಕೆ ಕೂತರೂ ಅದೇ ಚಿಂತೆ, ಪಾಠ ಮಾಡುತ್ತಿದ್ದರೂ ಅದೇ ಚಿಂತೆ.

ಆಯ್ಕೆಗೆ ಇನ್ನೇನು ತಿಂಗಳಿದೆ ಎನ್ನುವಾಗ ದುರುಗಪ್ಪ ತಮ್ಮ ರೆಸ್ಟ್ ಕೊಟ್ಟರು. ದೇವದುರ್ಗದ ಕಡೆಯ ಕುರಿಗಾರರ ಮನೆತನದವರು, ಸೈನ್ಯದಲ್ಲಿದ್ದು ಬಂದವರು, ನಮ್ಮ ಕ್ಲಬ್ಬಿನಲ್ಲೇ ಒಳ್ಳೆಯ ಗುರಿಕಾರರು. ಅವರ ಹತ್ತಿರ ಎರಡು ರೆಸ್ಟ್ ಇದ್ದವು. ನನಗೆ ಕೊಟ್ಟದ್ದು ಕಬ್ಬಿಣದ ಮುಕ್ಕಾಲಿ. ನಡುವೆ ಏರಿಸಿ ಇಳಿಸುವ ತಿರುಪು, ಮೇಲೆ ಬಂದೂಕು ಕೂರಲು ತೊಗಲಿನ ಮೆತ್ತೆ. ಎರೆಮಣ್ಣಿನ ಮೇಲಾದರೆ ಕಾಲುಗಳಿಗೆ ಮೊಳೆ, ಸಿಮೆಂಟಿನ ಮೇಲಾದರೆ ಚಪ್ಪಟೆ ಪಾದ.

"ಎತ್ತಿ ನೋಡ್ರಿ ಮೇಡಂ, ಒರಳಕಲ್ಲ ಆಗೇದ. ಭೂಮಿ ನಡುಗಿದ್ರೂ ಇದು ನಡುಗೂದಿಲ್ಲ" ಎಂದರು.

ಮಾನ್ವಿ ರಸ್ತೆಯ ಪಕ್ಕದ ನಮ್ಮ ಅಭ್ಯಾಸದ ಬಯಲಿಗೆ ಅದನ್ನು ಒಯ್ದೆ. ಅಪ್ಪ ಪ್ರತಿ ಭಾನುವಾರ ಪೂಜೆ ಮುಗಿಸಿ ನನ್ನೊಂದಿಗೆ ಬಂದು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನಾನು ಬಂದೂಕು ಖಾಲಿ ಮಾಡಿ, ಗುಂಡು ತುಂಬುವ ಬೋಲ್ಟ್ ತೆಗೆದಿಟ್ಟು, ಮುಕ್ಕಾಲಿಯ ಮೇಲೆ ಕೂರಿಸಿ ಬಂದೂಕಿನ ದುರ್ಬೀನಿನಲ್ಲಿ ನೋಡಿದೆ. ಒಳಗಿನ ಅಡ್ಡಗೆರೆ ಉದ್ದಗೆರೆ ಸೇರುವ ಚುಕ್ಕೆ ಗುರಿಯ ನಡುವೆ ನಿಂತದ್ದು ನಿಂತೇ ಇತ್ತು. ಬಂದೂಕನ್ನು ತಟ್ಟಿದೆ, ಹಿಂದಕ್ಕೆಳೆದು ಮುಂದಕ್ಕೆ ಬಿಟ್ಟೆ. ಚುಕ್ಕೆ ಮತ್ತೆ ಅಲ್ಲೇ ಬಂದು ಕೂತಿತು. ಅಬ್ಬಾ, ಎರಡು ವರ್ಷದ ಉಸಿರು ಒಂದೇ ಸಲ ಬಿಟ್ಟಂತಾಯಿತು.

"ಸರಿ, ನಾನೂ ಒಂದಿಷ್ಟ ನೋಡ್ತೀನಿ" ಎಂದು ಅಪ್ಪ ಧೋತರ ಸಿಕ್ಕಿಸಿಕೊಂಡು ಬಂದರು. ಹೊಟ್ಟೆ ಅಡಿಯಾಗಿ ಮಲಗಿ, ದಿಂಬಿಗೆ ಒತ್ತುವಂತೆ ಬಂದೂಕಿಗೆ ಕೆನ್ನೆ ಒತ್ತಿ ಬಹಳ ಹೊತ್ತು ನೋಡಿದರು.

"ಕುಣೀಲಿಕತ್ತದ."

"ಏನು?"

"ಚುಕ್ಕಿ. ಎರಡು ಸಣ್ಣ ಹೆಜ್ಜಿ ಹಾಕ್ತದ, ನಿಂತಬಿಡ್ತದ, ಆಮ್ಯಾಲೆ ಒಂದು ದೊಡ್ಡ ಜಿಗಿತ. ಮತ್ತ ಎರಡು ಸಣ್ಣ. ತಾಳ ತಪ್ಪಿದವರ ಭಜನಿ ಇದ್ದಂಗ ಅದ."

ನಾನು ಮತ್ತೆ ಮಲಗಿ ನೋಡಿದೆ. ಎಲ್ಲಿಯ ಕುಣಿತ! "ನನಗ ಏನೂ ಕಾಣವಲ್ದು, ಅಪ್ಪಾ."

"ನಿನ್ನ ಕಣ್ಣಿಗೆ ಆಸಿ ಕಟ್ಟೇದ. ಬೇಕು ಅಂತ ನೋಡಿದ್ರ ದೋಷ ಕಾಣಂಗಿಲ್ಲ" ಎಂದರು. ಎದ್ದವರು ಚಾಪೆಯ ಮೇಲೇ ಕೂತು, ಧೋತರದ ಮಣ್ಣನ್ನು ಕೊಡವಿದ್ದೇ ಕೊಡವಿದ್ದು. ಅಷ್ಟು ಮಣ್ಣೇನೂ ಹತ್ತಿರಲಿಲ್ಲ.

ದುರುಗಪ್ಪನವರಿಗೆ ಫೋನ್ ಮಾಡಿ ನಿಮ್ಮ ಮುಕ್ಕಾಲಿ ಕುಣಿಯುತ್ತದೆ ಎಂದೆ. ಅವರು ನಗಬಾರದಿತ್ತು, ನಕ್ಕರು.

"ಕುಣಿಯಾಕ ಬರದಾಕಿ ನೆಲ ಡೊಂಕು ಅಂದ್ಲಂತ, ಹಂಗಾತು ನಿಮ್ಮ ಕತಿ. ಅದರ ಮ್ಯಾಲ ಬಂದೂಕ ಇಟ್ಟು ನಾ ಪದಕ ತಂದೀನ್ರಿ!"

"ನಮ್ಮಪ್ಪ ನೋಡ್ಯಾರ" ಎಂದು ಖಾರವಾಗಿ ಹೇಳಿ, ಮರುದಿನವೇ ಕ್ಲಬ್ಬಿನಲ್ಲಿ ಅದನ್ನು ಅವರಿಗೆ ಮರಳಿಸಿದೆ.

ಆಮೇಲೆ ಸುಶಮೀಂದ್ರನ ಹಿಂದೆ ಬಿದ್ದೆ. ಅವನೂ ಕ್ಲಬ್ಬಿನವನು, ಹೈದರಾಬಾದಿನಿಂದ ತರಿಸಿದ ಅಗಲ ಪೀಠದ ರೆಸ್ಟ್ ಅವನದು. ಒಂದೇ ಹಿಡಿಕೆಯಲ್ಲಿ ಮೇಲೆ ಕೆಳಗೆ ಎಡಕ್ಕೆ ಬಲಕ್ಕೆ ತಿರುಗುತ್ತದೆ. ಕಾಡಿ ಬೇಡಿ ತಂದೆ. ಮುಂದಿನ ಭಾನುವಾರ ಅದರ ಮೇಲೆ ಬಂದೂಕಿಟ್ಟಾಗ ನನ್ನ ಕಣ್ಣಿಗೆ ಚುಕ್ಕೆ ನಿಶ್ಚಲ. ಅಪ್ಪ ಮಲಗಿದರು.

"ಅದೇ ಕುಣತ. ಎರಡು ಸಣ್ಣ, ಒಂದು ದೊಡ್ಡ. ಇವತ್ತ ಇನ್ನೂ ಜೋರದ."

ಎರಡು ರೆಸ್ಟಿಗೂ ಒಂದೇ ಕುಣಿತ ಹೇಗೆ ಬಂತು? ತಲೆ ಕೆಟ್ಟು ಗೊಬ್ಬರವಾಯಿತು. ದೋಷ ಬಂದೂಕಿನದೇ ಇರಬೇಕು ಎಂದು ತಿರುಪುಗಳನ್ನೆಲ್ಲ ಬಿಚ್ಚಿ ಬಿಗಿದೆ. ದುರ್ಬೀನಿನ ಹಿಡಿಕೆ ಬಿಗಿದೆ. ಬಯಲಿನ ಎರೆಮಣ್ಣು ಬಿರುಕು ಬಿಟ್ಟಿದೆ, ಅದಕ್ಕೇ ಇರಬೇಕು ಎಂದು ಜಾಗ ಬದಲಿಸಿದೆ. ನಾಡಿಯ ಬಡಿತ ಕೆನ್ನೆಯಿಂದ ಬಂದೂಕಿಗೆ ಇಳಿದು ಚುಕ್ಕೆಯನ್ನು ಅಲ್ಲಾಡಿಸುವುದುಂಟು. ಕೆನ್ನೆ ತಾಗಿಯೂ ತಾಗದಂತೆ ಇಡುವುದು ನಮ್ಮ ಮೊದಲ ಪಾಠವೇ. ಅದೂ ಒಮ್ಮೆ ಹೊಳೆಯಿತು. ಆದರೆ ನಾಡಿ ಹೀಗೆ ತಾಳ ತಪ್ಪುತ್ತದೆಯೇ? ಅದರಲ್ಲೂ ನಮ್ಮಪ್ಪನದು? ಪಂಚಾಂಗ ತಪ್ಪಿದರೂ ಅಪ್ಪ ತಪ್ಪುವವರಲ್ಲ ಎಂದು ಆ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಮನೆಯಲ್ಲಿ ಅಮ್ಮ ಬೇರೆ ರಾಗ ತೆಗೆದಳು. ಅಪ್ಪ ಬೆಳಿಗ್ಗೆ ಹಿತ್ತಲಿಂದ ಮಡಿನೀರಿನ ಕೊಡ ತರುವಾಗ ಈಗ ಅರ್ಧ ದಾರಿಯಲ್ಲಿ ಕೆಳಗಿಡುತ್ತಾರಂತೆ.

"ಕೊಡ ಭಾರ ಆಗೇದ ಅಂತಾರ. ಕೊಡ ಅದೇ, ನೀರೂ ಅಷ್ಟೇ, ಭಾರ ಹೆಂಗಾತು? ನಿನ್ನ ಚಿಂತಿನ ಹಚಗೊಂಡಾರ ನೋಡು."

ನನಗೆ ಅಳು ಬರುವಷ್ಟು ಸಿಟ್ಟು ಬಂತು. ನನ್ನ ಚಿಂತೆಯೇ ನನಗೆ ಹಾಸಿ ಹೊದೆಯುವಷ್ಟಿದೆ, ಇವರ ಚಿಂತೆಗೂ ನಾನೇ ಕಾರಣವೇ ಎಂದು ಕಿರುಚಿದೆ. ಆಯ್ಕೆ ಇನ್ನು ನಾಲ್ಕೇ ದಿನ ಎನ್ನುವಾಗ ಸುಶಮೀಂದ್ರ ತನಗೇ ಬೇಕೆಂದು ರೆಸ್ಟ್ ವಾಪಸ್ ತೆಗೆದುಕೊಂಡ. ಮಾನ ಮರ್ಯಾದೆ ಮೂಟೆ ಕಟ್ಟಿಟ್ಟು ಮತ್ತೆ ದುರುಗಪ್ಪನವರ ಮುಂದೆ ನಿಂತೆ.

"ಗಂಡು ನೋಡಾಕ ಹೊಂಟಂಗ ರೆಸ್ಟ್ ನೋಡಾಕತ್ತೀರಿ ಮೇಡಂ ನೀವು. ಮೊದಲ ನೋಡಿದ್ದ ಚಲೋ ಇತ್ತು ಅಂತ ಕಡೀಕೆ ಅಂತೀರಿ" ಎನ್ನುತ್ತ ಮುಕ್ಕಾಲಿಯನ್ನು ನನ್ನ ಕಾರಿನಲ್ಲಿಟ್ಟರು. ಬೇರೆ ದಿನವಾಗಿದ್ದರೆ ಆ ಮಾತಿಗೆ ಅವರ ಗ್ರಹಚಾರ ಬಿಡಿಸುತ್ತಿದ್ದೆ. ಅಂದು ಹಲ್ಲು ಕಚ್ಚಿ ನಕ್ಕೆ.

ಆಯ್ಕೆ ನಡೆದದ್ದು ದೇವದುರ್ಗದ ಹೊರಗೆ, ಕಲ್ಲುಗುಡ್ಡದ ಮಗ್ಗುಲಿನ ಮೈದಾನದಲ್ಲಿ. ಅವತ್ತು ಏಕಾದಶಿ. ಅಪ್ಪನದು ನೀರೂ ಮುಟ್ಟದ ಉಪವಾಸ. ಹೋಗಬೇಡಿ ಎಂದು ಅಮ್ಮ ಬಾಗಿಲಿಗೆ ಅಡ್ಡ ನಿಂತರೂ ಕೇಳದೆ ಛತ್ರಿ ಹಿಡಿದು ಬಂದರು. ನನ್ನ ಹಿಂದೆ ಸ್ವಲ್ಪ ದೂರದಲ್ಲಿ, ತಗಡಿನ ನೆರಳಿನಲ್ಲಿ ಕೂತರು. ಮೇಲ್ವಿಚಾರಕ ವಿರೂಪಣ್ಣ ನಿಯಮ ಹೇಳಿದರು.

"ಜಾಗಾ ಬಿಟ್ಟು ಎದ್ರ ಮುಗೀತು. ಉಳಿದ ಗುಂಡೆಲ್ಲಾ ಸೊನ್ನಿ. ಆಮ್ಯಾಲ ನನ್ನ ಕೂಡ ವಾದ ಮಾಡಬ್ಯಾಡ್ರಿ."

ಸಿಮೆಂಟು ಕಟ್ಟೆಯ ಮೇಲೆ ಚಪ್ಪಟೆ ಪಾದ ಹಾಕಿ ಮುಕ್ಕಾಲಿ ಊರಿದೆ. ಬಂದೂಕು ಕೂರಿಸಿ ಕಣ್ಣಿಟ್ಟವಳು ಗುರಿ ಹುಡುಕುವ ಬದಲು ಆ ಕುಣಿತವನ್ನೇ ಹುಡುಕಿದೆ. ಕಾಣಲಿಲ್ಲ. ಹೊಡೆದೆ. ನಡುವಿಗೇ ಬಿತ್ತು. ಮತ್ತೆ ಹುಡುಕಿದೆ, ಮತ್ತೆ ಹೊಡೆದೆ. ಒಂದೊಂದು ಗುಂಡಿಗೂ ಈಗ ಕುಣಿಯುತ್ತದೆ, ಈಗ ಕುಣಿಯುತ್ತದೆ ಎಂದು ಜೀವ ಬಾಯಿಗೆ ಬರುತ್ತಿತ್ತು. ಗುಂಡುಗಳು ಮಾತ್ರ ನಡುವಿಗೇ ಹೋಗುತ್ತಿದ್ದವು. ಪಕ್ಕದ ಕಟ್ಟೆಯಲ್ಲಿ ತನ್ನ ಸುತ್ತು ಮುಗಿಸಿದ ಸುಶಮೀಂದ್ರ ನನ್ನ ಅಂಕಪಟ್ಟಿ ನೋಡಿ ಹುಬ್ಬೇರಿಸಿದ. ಇನ್ನು ಐದು ಗುಂಡು. ಹೀಗೇ ಹೋದರೆ ತಂಡದಲ್ಲಿ ನನ್ನ ಹೆಸರು ಖಂಡಿತ.

ಅಷ್ಟರಲ್ಲಿ ಗಾಳಿ ಎದ್ದಿತು. ಅದು ಇಳಿಯಲಿ ಎಂದು ಕಾದೆ. ಇಷ್ಟು ಹತ್ತಿರ ಬಂದೆನಲ್ಲ ಎಂಬ ಹೆದರಿಕೆಗೆ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಗೊತ್ತಿಲ್ಲದೆ ಕೆನ್ನೆಯನ್ನು ಒತ್ತಿಬಿಟ್ಟಿದ್ದೆ. ಚುಕ್ಕೆ ಕುಣಿಯಿತು.

ಕಣ್ಣು ಕೀಲಿಸಿ ನೋಡಿದೆ. ಟಪ್, ಟಪ್, ಟಪ್, ಟಪ್. ಒಂದೇ ಸಮ. ಎಲ್ಲೂ ನಿಲ್ಲುತ್ತಿಲ್ಲ, ಎಲ್ಲೂ ಜಿಗಿಯುತ್ತಿಲ್ಲ. ಅದು ನನ್ನ ನಾಡಿ. ಕೆನ್ನೆ ಸಡಿಲಿಸಿದೆ, ಚುಕ್ಕೆ ನಿಂತಿತು. ಒತ್ತಿದೆ, ಕುಣಿಯಿತು. ಮುಕ್ಕಾಲಿ ತಾನು ಕುಣಿಯುತ್ತಿರಲಿಲ್ಲ, ಮಲಗಿದವರ ಎದೆಬಡಿತವನ್ನು ತೋರಿಸುತ್ತಿತ್ತು ಅಷ್ಟೇ.

ಹಾಗಾದರೆ ಎರಡು ಸಣ್ಣ, ಒಂದು ದೊಡ್ಡ ಯಾರದು?

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ನನಗೆ ದುರ್ಬೀನೇ ಬೇಕಾಯಿತು. ಅರ್ಧ ದಾರಿಯಲ್ಲಿ ಕೆಳಗಿಳಿದ ಕೊಡ, ಚಾಪೆಯ ಮೇಲೆ ಕೂತು ಇಲ್ಲದ ಮಣ್ಣು ಕೊಡವಿದ್ದು, "ಇವತ್ತ ಇನ್ನೂ ಜೋರದ" ಎಂದದ್ದು, ಎಲ್ಲ ಒಟ್ಟಿಗೆ ಬಂದು ನನ್ನ ಮುಖಕ್ಕೆ ರಾಚಿದವು. ತಿರುಗಿ ನೋಡಿದೆ. ಅಪ್ಪನ ಛತ್ರಿ ಒಂದು ಕಡೆ ವಾಲಿತ್ತು. ಗಡಿಯಾರ ವಾಲಿದ್ದನ್ನು ಸಹಿಸದವರು ಛತ್ರಿ ಹಾಗೆ ಹಿಡಿದು, ಕಣ್ಣು ಮುಚ್ಚಿ ಕೂತಿದ್ದರು.

ಐದೇ ಗುಂಡು, ಮುಗಿಸಿ ಓಡೋಣ ಎಂದು ಮನಸ್ಸು ಹೇಳಿತು. ಸುಳ್ಳು ಯಾಕೆ, ಹೇಳಿತು. ಬೆರಳನ್ನು ಬಂದೂಕಿನ ಕುದುರೆಯ ಮೇಲೂ ಇಟ್ಟೆ. ಆದರೆ ಗುರಿಯೇ ಕಾಣಲಿಲ್ಲ, ಬರೀ ಛತ್ರಿ ಕಂಡಿತು. ಬೋಲ್ಟ್ ತೆರೆದು ಗುಂಡು ಹೊರಗೆ ತೆಗೆದಿಟ್ಟು ಕೈ ಎತ್ತಿದೆ.

"ಮೇಡಂ, ಎದ್ರ ಮುಗೀತ ನೋಡ್ರಿ!" ವಿರೂಪಣ್ಣ ಕೂಗಿದರು.

ಎದ್ದು ಓಡಿದೆ.

ಸದ್ದಿಗೆ ಅಪ್ಪ ಕಣ್ಣು ಬಿಟ್ಟರು. ಮುಖವೆಲ್ಲ ಬೆವರು, ತುಟಿ ಬಿಳಿಚಿತ್ತು. ಸಿಟ್ಟು ಮಾತ್ರ ಇದ್ದ ಹಾಗೇ ಇತ್ತು. "ಯಾಕ ಎದ್ದಿ? ಇನ್ನ ಐದು ಗುಂಡು ಬಾಕಿ ಅವ! ರೆಸ್ಟ್ ಕುಣೀತೇನು?"

"ಇಲ್ಲಪ್ಪಾ. ಅದು ಕಲ್ಲಿನಂಗ ಕೂತದ."

"ಮತ್ತ್ಯಾಕ ಎದ್ದಿ, ಹುಚ್ಚಿ?"

ನಾನು ಅವರ ಮಣಿಕಟ್ಟು ಹಿಡಿದೆ. ಎರಡು ಸಣ್ಣ. ನಿಂತಿತು. ಒಂದು ದೊಡ್ಡ ಜಿಗಿತ. ಅವರ ಇನ್ನೊಂದು ಕೈಯ ಬೆರಳುಗಳನ್ನೇ ಎಳೆದು ಆ ಜಾಗದ ಮೇಲೆ ಇಟ್ಟೆ. ಅಪ್ಪ ತುಟಿ ಅಲ್ಲಾಡಿಸುತ್ತ, ಲೆಕ್ಕ ಒಪ್ಪಿಸುವ ಹುಡುಗನನ್ನು ಕೇಳಿಸಿಕೊಳ್ಳುವಂತೆ ತಮ್ಮ ನಾಡಿಯನ್ನು ಕೇಳಿಸಿಕೊಂಡರು.

"ನಾ ಹೇಳಿರಲಿಲ್ಲೇನು, ಕುಣೀತದ ಅಂತ..." ಎಂದು ತರಗತಿಯ ಹಳೆಯ ದನಿಯಲ್ಲಿ ಶುರುಮಾಡಿದರು. ಮಾತು ಮುಗಿಯಲಿಲ್ಲ. ನನ್ನ ಮುಖ ನೋಡಿದರು. "ಪೂರ್ಣೀ, ನನಗ ಅಂಜಿಕಿ ಆಗ್ಲಿಕತ್ತದ."

ನನ್ನ ಜನ್ಮದಲ್ಲಿ ಆ ಮಾತನ್ನು ಅವರ ಬಾಯಿಂದ ಕೇಳಿರಲಿಲ್ಲ. ನನಗೂ ಅಂಜಿಕೆಯಾಗುತ್ತಿತ್ತು.

ತಮ್ಮ ಸುತ್ತು ಮುಗಿಸಿ ಅಲ್ಲೇ ಇದ್ದ ದುರುಗಪ್ಪ ಕಾರು ತಂದು ನಿಲ್ಲಿಸಿ, ನೀರಿನ ಬಾಟಲಿ ಚಾಚಿದರು. "ಏಕಾದಶಿ" ಎಂದು ಅಪ್ಪ ನನ್ನ ಕಡೆ ನೋಡಿದರು. ನಾನು ಮುಚ್ಚಳ ತೆಗೆದು ತುಟಿಗೆ ಹಿಡಿದೆ. ಕುಡಿದುಬಿಟ್ಟರು. ಅವರನ್ನು ಎಬ್ಬಿಸಿ ಕಾರಿನಲ್ಲಿ ಕೂರಿಸಿದೆ. ಬಂದೂಕು ಅಲ್ಲೇ ಮುಕ್ಕಾಲಿಯ ಮೇಲೆ ಉಳಿಯಿತು. ಇನ್ನು ಅದು ಯಾರದೋ ಏನೋ.

ಗಬ್ಬೂರಿನ ದಾರಿಯಲ್ಲಿ ದುರುಗಪ್ಪ ಕಾರನ್ನು ರಾಯಚೂರಿನ ಆಸ್ಪತ್ರೆಯ ಕಡೆಗೆ ಓಡಿಸುತ್ತಿದ್ದರು. ಹಿಂದಿನ ಸೀಟಿನಲ್ಲಿ ಅಪ್ಪ ನನ್ನ ಹೆಗಲಿಗೆ ತಲೆ ಒರಗಿಸಿದ್ದರು. ನನ್ನ ಬೆರಳು ಅವರ ಮಣಿಕಟ್ಟು ಬಿಟ್ಟಿರಲಿಲ್ಲ. ಎರಡು ಸಣ್ಣ, ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ ಹೊತ್ತಿನಲ್ಲಿ ಅಪ್ಪ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದರು.

"ಬಂತೇನು?"

"ಬಂತು, ಅಪ್ಪಾ."

ಮತ್ತೆ ಎರಡು ಸಣ್ಣ. ಮತ್ತೆ ನಿಂತಿತು. ಈ ಸಲ ತುಸು ಹೆಚ್ಚೇ ಹೊತ್ತಾಯಿತು.

"ಪೂರ್ಣೀ, ಬಂತೇನು?"

"ತಡೀರಿ ಅಪ್ಪಾ, ತಡೀರಿ..." ಎಂದೆ. "ಹಾಂ, ಬಂತು."